ಸಾಮಾನು ಗಾಡಿಯ ಜನ

ಟೈಲರಮ್ಮ ಸ್ಟೂಲಿನ ಮೇಲೆ ನಿಂತು ಬೀರುವಿನ ತಲೆಯ ಮೇಲಿದ್ದ ಏಳನೆಯ ಡಬ್ಬಿಯನ್ನು ಎಳೆಯುತ್ತಿದ್ದಾಗ ನಾದಿನಿ ಬಾಗಿಲಿಗೆ ಬಂದು ನಿಂತಳು.

"ಅತ್ತಿಗೆ, ಮೊದ್ಲು ಇಳೀರಿ. ಅಣ್ಣನ್ನ ನೋಡೋಕೆ ಜನ ಬಂದು ಕೂತಿದ್ದಾರೆ. ನೀವಿಲ್ಲಿ ಮೇಲೆ ಹತ್ತಿದ್ರೆ ಏನಂದ್ಕೊಳ್ತಾರೆ?"

"ಏನಾದ್ರೂ ಅಂದ್ಕೊಳ್ಲಿ. ಕೆಳಗಿಂದ ಹಿಡ್ಕೋ. ಅಲ್ಲಾಡಿಸ್ಬೇಡ, ಕಾಲು ಮುರಿಯುತ್ತೆ."

"ನಿಮ್ದಾ?"

"ಗೊಂಬೇದು."

ಹೊರಗಿನ ಕೋಣೆಯಲ್ಲಿ ಅವಳ ಗಂಡನ ದೇಹವನ್ನು ಮಲಗಿಸಿದ್ದರು. ಹನ್ನೆರಡಕ್ಕೆ ಗಾಡಿ ಬರುವುದಿತ್ತು. ಬಸ್ ಡಿಪೋದ ಸ್ಟೋರಿನಲ್ಲಿ ಮೂವತ್ತಾರು ವರ್ಷ ನಟ್ಟು, ಬೋಲ್ಟು, ಬೇರಿಂಗು ಕೊಟ್ಟು ನಿವೃತ್ತನಾದ ಅವನನ್ನು ಡಿಪೋದಿಂದ ಹಿಡಿದು ಬೀದಿಯವರೆಗೆ ಎಲ್ಲರೂ ಸ್ಟೋರಣ್ಣ ಅಂತಲೇ ಕರೆಯುತ್ತಿದ್ದರು. ಹೆಂಡತಿ ಬಟ್ಟೆ ಹೊಲಿಯುತ್ತಿದ್ದುದರಿಂದ ಅವಳು ಟೈಲರಮ್ಮ. ಸ್ವಂತ ಹೆಸರುಗಳು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದ್ದವು.

ಸ್ಟೋರಣ್ಣನಿಗೆ ಇದ್ದದ್ದು ಒಂದೇ ಹುಚ್ಚು. ವಾಚನಾಲಯದ ಮಹಡಿಯಲ್ಲಿ ಎಂಟು ಜನರ ಒಂದು ಕ್ಲಬ್ಬು. ಭಾನುವಾರ ಬಂತೆಂದರೆ ಪಿಂಗ್‌ಪಾಂಗ್ ಮೇಜಿನಷ್ಟು ದೊಡ್ಡ ಮೇಜಿಗೆ ಹಸಿರು ಬಟ್ಟೆ ಹಾಸಿ, ಒಂದಂಗುಲ ಎತ್ತರದ ತವರದ ಸೈನಿಕರನ್ನು ನಿಲ್ಲಿಸಿ, ಮುನ್ನೂರು ವರ್ಷ ಹಿಂದಿನ ಯುದ್ಧಗಳನ್ನು ದಾಳ ಹಾಕಿ, ಟೇಪು ಹಿಡಿದು ಮತ್ತೆ ಆಡುವುದು. ಅಲ್ಲಿ ಒಂದು ಪದ್ಧತಿಯಿತ್ತು. ಸದಸ್ಯ ತೀರಿಹೋದರೆ, ಮಣ್ಣು ಮಾಡಿದ ದಿನವೇ ಮಧ್ಯಾಹ್ನ ಅವನ ಸೈನ್ಯವನ್ನು ಕಡೆಯ ಸಲ ಮೇಜಿನ ಮೇಲೆ ನಿಲ್ಲಿಸಿ ಒಂದು ಆಟ ಆಡುತ್ತಿದ್ದರು. ಅವನ ಕಡೆ ಮನೆಯವರೊಬ್ಬರು ಕೂರಬೇಕು, ಎದುರಿಗೆ ಕಾರ್ಯದರ್ಶಿ. ಇದಕ್ಕೆ ಮೇಜು ಹಾಕುವುದು ಅಂತ ಹೆಸರು. ಇದುವರೆಗೆ ನಾಲ್ವರಿಗೆ ಹಾಕಿದ್ದರು. ನಾಲ್ಕು ಸಲವೂ ಮೇಜು ಒರೆಸಿ ಬಟ್ಟೆ ಹಾಸಿದವನು ಸ್ಟೋರಣ್ಣ.

ಡಬ್ಬಿ ಕೆಳಗಿಳಿಯುವ ಹೊತ್ತಿಗೆ ಕಾರ್ಯದರ್ಶಿಗಳು ಬಂದರು, ಜೊತೆಗೆ ಕ್ಲಬ್ಬಿನವರೇ ಆದ ಹಲ್ಲಿನ ಡಾಕ್ಟರು. ಕಾರ್ಯದರ್ಶಿ ಅಂದರೆ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಮುದುಕರು, ಈಗಲೂ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡೇ ತಿರುಗುವವರು. ದೇಹಕ್ಕೆ ಕೈಮುಗಿದು ಒಳಗೆ ಬಂದರು. ಟೈಲರಮ್ಮನೇ ಕೇಳಿದಳು.

"ಮೇಜು ಎಷ್ಟು ಗಂಟೆಗೆ ಹಾಕ್ತೀರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅದೇ ತಾಯಿ, ಆ ವಿಷಯಾನೇ ಮಾತಾಡೋಣ ಅಂತ," ಎಂದರು ಕಾರ್ಯದರ್ಶಿ. "ಮೇಜು ಹಾಕೋಕೆ ಆಯುಧ ಹಿಡಿದೋರು ಕನಿಷ್ಠ ಇಪ್ಪತ್ನಾಲ್ಕು ಜನ ಬೇಕು. ಸ್ಟೋರಣ್ಣನ ಹತ್ರ..."

"ಇದ್ದಾರೆ," ಎಂದಳು ಟೈಲರಮ್ಮ.

*

ಮೊದಲ ಡಬ್ಬಿ ಅಂಚೆಯಲ್ಲಿ ಬಂದಾಗ ಅವರ ಮದುವೆಯಾಗಿ ಐದು ವರ್ಷ. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಅವನೂ ಒಂದು ಹಲಗೆ ಇಟ್ಟುಕೊಂಡು, ಬರಿ ತವರದ ಗೊಂಬೆಗೆ ಬಣ್ಣ ಹಚ್ಚಲು ಕೂತಿದ್ದ.

"ಇದ್ಯಾರ್ರೀ, ಹೊಟ್ಟೆ ಬಿಟ್ಕೊಂಡು ನಿಂತಿರೋನು?"

"ಅಡುಗೆಯವನು."

"ಯುದ್ಧಕ್ಕೆ ಅಡುಗೆಯವನ್ಯಾಕೆ?"

"ಹಸ್ಕೊಂಡಿರೋನು ಎಷ್ಟು ದೂರ ನಡೀತಾನೆ? ಒಂದು ಬೇರಿಂಗ್ ಇಲ್ಲ ಅಂತ ನಮ್ಮಲ್ಲಿ ಬಸ್ಸು ಮೂರು ಮೂರು ದಿನ ನಿಲ್ಲುತ್ತೆ, ಗೊತ್ತಾ? ಮೊದ್ಲು ಇವರದ್ದಾಗ್ಲಿ. ಆಮೇಲೆ ಕತ್ತಿಯೋರು ಬರ್ತಾರೆ."

ಕತ್ತಿಯವರು ಬರಲೇ ಇಲ್ಲ. ಅಡುಗೆಯವನಾದ ಮೇಲೆ ಅವನಿಗೆ ಸೌದೆ ಬೇಕಾಯಿತು. ಸೌದೆಗೆ ಗಾಡಿ, ಗಾಡಿಗೆ ಎತ್ತು, ಎತ್ತಿಗೆ ಲಾಳ ಹೊಡೆಯುವವನು, ಅವನಿಗೊಂದು ಒಲೆ. ಗಾಯವಾದವನನ್ನು ಹೆಗಲಿಗೆ ಹಾಕಿಕೊಂಡವನೊಬ್ಬ, ಬೂಟಿನಿಂದ ಕಲ್ಲು ಕೊಡವುವವನೊಬ್ಬ. ಅಂಗಡಿಯವರು ಇಂಥ ಗೊಂಬೆಗಳನ್ನು ಸುಮ್ಮನೆ ಅಂದಕ್ಕೆ ಅಂತ ಮಾಡುತ್ತಿದ್ದರು. ಕೊಳ್ಳುವವನು ಇವನೊಬ್ಬನೇ ಇರಬೇಕು ಅಂತ ಕ್ಲಬ್ಬಿನವರು ಕಾಲೆಳೆಯುತ್ತಿದ್ದರು. ಆಟದಲ್ಲಿ ಇವಕ್ಕೆ ಅಂಕವಿಲ್ಲ, ಏಟಿಲ್ಲ, ಸರದಿಯಿಲ್ಲ. ಮೂವತ್ತೊಂದು ವರ್ಷದಲ್ಲಿ ಮೇಜಿಗೆ ಬಂದದ್ದು ಎರಡು ಸಲ. ಅದರಲ್ಲೊಂದು ಸಲ ಯಾರದೋ ತೋಳು ತಗುಲಿ ಎಲ್ಲ ಮಗುಚಿಕೊಂಡವು. ಸ್ಟೋರಣ್ಣ ನಗುತ್ತಲೇ ಎತ್ತಿಟ್ಟುಕೊಂಡ. ಉಳಿದ ಭಾನುವಾರಗಳಲ್ಲಿ ಬೇರೆಯವರ ಯುದ್ಧಕ್ಕೆ ಟೇಪು ಹಿಡಿದ, ಚಹಾ ಮಾಡಿದ.

ಟೈಲರಮ್ಮನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಆಡುವುದಾದರೆ ಆಡಬೇಕು, ಇಲ್ಲವಾದರೆ ಮನೆಯಲ್ಲಿ ಬಿದ್ದಿರಬೇಕು. ಇದೆಂಥ ಚಾಕರಿ ಅಂತ ಎಷ್ಟೋ ಸಲ ಬೈದಿದ್ದಳು.

*

ಹೊಲಿಗೆ ಮೆಷಿನ್ನಿನ ಮೇಜಿನ ಮೇಲೆ ಇಪ್ಪತ್ತನಾಲ್ಕು ಗೊಂಬೆಗಳು ಸಾಲಾಗಿ ನಿಂತಿದ್ದವು. ಕೈಯಲ್ಲಿ ಏನಾದರೂ ಹಿಡಿದವರನ್ನೆಲ್ಲ ಟೈಲರಮ್ಮ ಬೆಳಗಿನಿಂದ ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದಿದ್ದಳು. ಕಾರ್ಯದರ್ಶಿಗಳು ಭೂತಗನ್ನಡಿ ತೆಗೆದು ಬಗ್ಗಿದರು. ಮೊದಲನೆಯದನ್ನು ನೋಡಿಯೇ ಅವರ ಮುಖ ಇಳಿಯಿತು.

"ಇದು ಸೌಟು, ತಾಯಿ."

"ಗದೆ ಅಲ್ವಾ?"

"ಸೌಟೇ. ತುದೀಲಿ ಏನೋ ಅಂಟಿದ ಹಾಗೆ ಬಣ್ಣಾನೂ ಹಚ್ಚಿದ್ದಾರೆ."

"ಹೋಗ್ಲಿ, ಇವನ ಕೈಲಿ ಕೊಡಲಿ ಇದೆ."

"ಸೌದೆ ಒಡೀತಿದ್ದಾನೆ."

"ಇವನು?"

"ಕ್ಷೌರ ಮಾಡ್ತಿದ್ದಾನೆ."

"ಇವನಂತೂ ಈಟಿ ಹಿಡಿದಿದ್ದಾನೆ. ಇಷ್ಟುದ್ದ ಇದೆ. ಇದನ್ನೂ ಇಲ್ಲ ಅನ್ಬೇಡಿ."

ಹಲ್ಲಿನ ಡಾಕ್ಟರು ಮೆಲ್ಲಗೆ ಹೇಳಿದರು. "ಅದು ಬಟ್ಟೆ ಒಣಗಿಸೋ ಕೋಲು, ಅಕ್ಕಾ. ತುದೀಲಿ ಅಂಗಿ ಇದೆ ನೋಡಿ."

ಟೈಲರಮ್ಮ ಭೂತಗನ್ನಡಿ ಕಿತ್ತುಕೊಂಡಂತೆ ತೆಗೆದುಕೊಂಡು ನೋಡಿದಳು. ಅಂಗಿಯಿತ್ತು. ಅಕ್ಕಿಕಾಳಿನಷ್ಟೇ ಅಗಲದ ಅಂಗಿ. ಅದರ ಮೊಣಕೈಗೆ ಒಂದು ತೇಪೆ. ತೇಪೆಯ ಅಂಚಿಗೆ ಸುತ್ತಲೂ ಓರೆಯಾಗಿ ಹೊಲಿಗೆ, ಮೂಲೆಯಲ್ಲಿ ಎರಡೆರಡು ಸಲ. ಮೂಲೆಗೆ ಎರಡು ಸಲ ಹಾಕುವವಳು ಅವಳು. ಬೇರೆ ಟೈಲರುಗಳು ಅಷ್ಟು ತಾಳ್ಮೆ ಇಟ್ಟುಕೊಳ್ಳುವುದಿಲ್ಲ.

ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕೂತು ಅವನು ಅವಳ ಕೈಯನ್ನು ಇಷ್ಟು ಹತ್ತಿರದಿಂದ ನೋಡಿದ್ದ. ಅವಳು ಅವನ ಕೆಲಸವನ್ನು ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ. ಸೌಟು ಯಾವುದು, ಗದೆ ಯಾವುದು ಅಂತ ಕೂಡ ಅವಳಿಗೆ ಗೊತ್ತಿರಲಿಲ್ಲ. ಮೊದಲು ನಾಚಿಕೆಯಾಯಿತು. ಅದರ ಹಿಂದೆಯೇ, ಬೆಳಗಿನಿಂದ ಬಾರದ ಅಳು ಬಂತು. ನಾದಿನಿ ಬಂದು ಬೆನ್ನ ಮೇಲೆ ಕೈಯಿಟ್ಟಳು.

ಕಾರ್ಯದರ್ಶಿಗಳು ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದರು. "ಬೇಜಾರು ಮಾಡ್ಕೋಬೇಡಿ. ಸ್ಟೋರಣ್ಣ ಇದ್ದಿದ್ರೆ ಅವರೇ ಬೇಡ ಅಂತಿದ್ರು. ಅಳತೇಲಿ ಒಂದು ನೂಲು ಕೂಡ ಬಿಡೋ ಮನುಷ್ಯ ಅಲ್ಲ. ನಿಯಮ ಮುರಿದು, ದಯೆ ತೋರ್ಸಿ ಆಡಿದ್ರೆ ಅವರಿಗೇ ಅವಮಾನ."

"ದಯೆ ಯಾರು ಕೇಳಿದ್ರು?" ಎಂದಳು ಟೈಲರಮ್ಮ. ದನಿ ಇನ್ನೂ ಒದ್ದೆಯಾಗಿತ್ತು. "ಸೋಲ್ಸಿ. ಒಬ್ಬರನ್ನೂ ಉಳಿಸ್ಬೇಡಿ. ಆದ್ರೆ ಮೇಜಿನ ಮೇಲೆ ಸೋಲ್ಸಿ. ಡಬ್ಬೀಲಿಟ್ಟೇ ಸೋಲ್ಸ್ಬೇಡಿ."

ಕಾರ್ಯದರ್ಶಿಗಳು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು, "ಹಾಗಾದ್ರೆ ಮೂರು ಗಂಟೆಗೆ ಏಳೂ ಡಬ್ಬಿ ತಗೊಂಡು ಬನ್ನಿ, ತಾಯಿ," ಎಂದರು.

*

ಆಸ್ಪತ್ರೆಯಲ್ಲಿ, ಹೋದ ಮಂಗಳವಾರ, ಅವನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಟೈಲರಮ್ಮ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮನೆಗೆ ಹೋಗುವ ದಿನ ಹಾಕಿಕೊಳ್ಳಲಿ ಅಂತ ತಂದಿದ್ದ ಅಂಗಿ.

"ನನಗೆ ಮೇಜು ಹಾಕ್ತಾರೇನೇ?"

"ಈಗ್ಯಾಕೆ ಆ ಮಾತು?"

"ಇಲ್ಲ, ಇಪ್ಪತ್ನಾಲ್ಕು ತುಂಬಲ್ಲ ನೋಡು ನನ್ದು. ಅದಕ್ಕೆ ಕೇಳ್ದೆ."

"ಹಾಕದೆ ಎಲ್ಲಿ ಹೋಗ್ತಾರೆ? ನಾನು ಹಾಕಿಸ್ತೀನಿ. ಸುಮ್ನೆ ಮಲಕ್ಕೊಳ್ಳಿ."

ಅವನು ನಕ್ಕ. ಅವಳು ಹಲ್ಲಿನಿಂದ ದಾರ ಕತ್ತರಿಸಿದಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಇದು ಬೇಕು, ಅದು ಬೇಕು ಅಂದ ಗಂಡಸಲ್ಲ. ಕೇಳಿದ್ದು ಇದೊಂದು. ಅದನ್ನೂ ಬೇಕು ಅಂತ ಕೇಳಿರಲಿಲ್ಲ, ಸಿಗುತ್ತದೆಯೇ ಅಂತ ಕೇಳಿದ್ದ.

*

ಹನ್ನೆರಡಕ್ಕೆ ಗಾಡಿ ಬಂತು. ಡಿಪೋದವರು ಹೆಗಲು ಕೊಟ್ಟರು. ಮಣ್ಣು ಹಾಕಿ ಕೈ ತೊಳೆಯುವಾಗ ಹಳೆಯ ಡ್ರೈವರೊಬ್ಬ ಟೈಲರಮ್ಮನ ಹತ್ತಿರ ಬಂದು, "ಅವರ ಬಾಯಲ್ಲಿ ಸ್ಟಾಕ್ ಇಲ್ಲ ಅನ್ನೋ ಮಾತು ನಾನು ಕೇಳೇ ಇಲ್ಲ ಅಕ್ಕಾ, ಹೇಗಾದ್ರೂ ಹುಡುಕಿ ಕೊಡೋರು," ಎಂದ. ಒದ್ದೆ ಕರವಸ್ತ್ರ ಹಿಂಡುತ್ತ ಪಕ್ಕಕ್ಕೆ ಸರಿದ.

ಮೂರು ಗಂಟೆಗೆ ವಾಚನಾಲಯದ ಮಹಡಿಯಲ್ಲಿ ಹಸಿರು ಬಟ್ಟೆ ಹಾಸಿತ್ತು. ಅಲ್ಲಲ್ಲಿ ನೆರಿಗೆ ಉಳಿದಿತ್ತು. ಅದನ್ನು ಎಳೆದು ಸರಿಮಾಡಲು ಈ ಸಲ ಸ್ಟೋರಣ್ಣ ಇರಲಿಲ್ಲ. ಟೈಲರಮ್ಮನೇ ಅಂಗೈಯಿಂದ ಸವರಿ ಸರಿಮಾಡಿದಳು.

ಏಳೂ ಡಬ್ಬಿ ಖಾಲಿ ಮಾಡುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಯಾರನ್ನು ಎಲ್ಲಿಡಬೇಕೆಂದು ಅವಳನ್ನೇ ಕೇಳಿದರು. ಒಲೆಗಳನ್ನು ನಡುವೆ ಇಡಿಸಿದಳು, ಗಾಳಿ ಯಾವ ಕಡೆಯಿಂದ ಬೀಸಬಹುದು ಅಂತ ಯೋಚಿಸಿ ಬಟ್ಟೆ ಒಗೆಯುವವರನ್ನು ಹೊಗೆಯಿಂದ ದೂರ ಇಡಿಸಿದಳು, ನೀರಿನ ತೊಟ್ಟಿಯನ್ನು ಎತ್ತುಗಳ ಹತ್ತಿರ. ನಾದಿನಿ ಗಾಡಿಗಳನ್ನು ಹಿಂದೆ ಸಾಲಾಗಿ ನಿಲ್ಲಿಸಿದಳು. ಕ್ಲಬ್ಬಿನವರು ತಮಾಷೆ ಮಾಡಲಿಲ್ಲ. ಇನ್ನೂರ ಹನ್ನೆರಡು ಜನ ಒಟ್ಟಿಗೆ ನಿಂತದ್ದನ್ನು ಅವರೂ ಯಾವತ್ತೂ ನೋಡಿರಲಿಲ್ಲ.

ಎದುರಿಗೆ ಕಾರ್ಯದರ್ಶಿಗಳ ಕುದುರೆ ಸೈನ್ಯ. ಕೆಂಪು ಕೋಟಿನ ನಲವತ್ತು ಸವಾರರು, ನಲವತ್ತೂ ಜನ ಕತ್ತಿ ಮೇಲೆತ್ತಿದವರು. ಅವರ ಬಲಕ್ಕೆ ಹಲ್ಲಿನ ಡಾಕ್ಟರ ಕಾಲಾಳುಗಳು, ಈಟಿಯವರು.

ಕಾರ್ಯದರ್ಶಿಗಳು ಟೇಪು ಹಿಡಿದರು. "ದೂರ ಹದಿನೆಂಟು ಅಂಗುಲ. ಕುದುರೆಗೆ ಇಪ್ಪತ್ತರವರೆಗೆ ಓಟ ಇದೆ." ಟೈಲರಮ್ಮನ ಕಡೆ ನೋಡಿದರು. "ಅಂದ್ರೆ ಮೊದಲ ಸುತ್ತಿಗೇ ಮುಟ್ತೀವಿ, ತಾಯಿ."

"ಮುಟ್ಟಿ," ಎಂದಳು. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮಾತು ಉಳಿಸಿಕೊಂಡಿದ್ದಾಗಿತ್ತು. ಇನ್ನು ನೋಡಬೇಕಾದದ್ದನ್ನು ನೋಡಬೇಕು.

ಕಾರ್ಯದರ್ಶಿಗಳು ಮೊದಲ ಕುದುರೆಯ ಮೇಲೆ ಬೆರಳಿಟ್ಟವರು ಹಾಗೇ ನಿಂತರು. ನೀರಿನ ತೊಟ್ಟಿಯನ್ನು ನೋಡಿದರು. ಬೆರಳು ತೆಗೆದು, ಕನ್ನಡಕ ಹಾಕಿಕೊಂಡು, ನಿಯಮಗಳ ಪುಸ್ತಕದ ಕಡೆಯ ಹಾಳೆಗಳನ್ನು ತಿರುವಿದರು.

"ಇಪ್ಪತ್ತಾರನೇ ನಿಯಮ," ಎಂದು ಓದಿದರು. "ದೂರದಿಂದ ನಡೆದು ಬಂದ ಕುದುರೆಗಳು, ಎಟುಕುವಷ್ಟು ದೂರದಲ್ಲಿ ನೀರಿದ್ದರೆ, ಬೇರೆ ಏನು ಮಾಡುವುದಕ್ಕೂ ಮೊದಲು ನೀರು ಕುಡಿಯತಕ್ಕದ್ದು."

"ಇದ್ಯಾವಾಗ ಬಂತು?" ಎಂದರು ಹಲ್ಲಿನ ಡಾಕ್ಟರು.

"ಹಳೇದು. ಸ್ಟೋರಣ್ಣ ಸಭೇಲಿ ಹಠ ಹಿಡಿದು ಸೇರಿಸಿದ್ದು. ಬರ್ಕೊಂಡೋನು ನಾನೇ. ಯಾವತ್ತೂ ಬಳಸೇ ಇಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಯಾರೂ ಮೇಜಿಗೆ ನೀರು ತಂದಿರ್ಲಿಲ್ಲ, ನೋಡಿ."

ತೊಟ್ಟಿಯ ಪಕ್ಕದಲ್ಲಿ ನಾಲ್ಕು ಕುದುರೆಗಳಿಗೆ ಮಾತ್ರ ಜಾಗವಿತ್ತು. ಅವರು ಟೇಪಿನಲ್ಲಿ ಅಳೆದು ನಾಲ್ಕನ್ನು ತಂದು ನಿಲ್ಲಿಸಿದರು. ಉಳಿದ ಮೂವತ್ತಾರನ್ನು ಹಿಂದೆ ಒಂದರ ಬೆನ್ನಿಗೆ ಒಂದು ಸಾಲು ಹಚ್ಚಿದರು. ಅಳತೆ ತಪ್ಪಲಿಲ್ಲ.

ಹಲ್ಲಿನ ಡಾಕ್ಟರು ತಮ್ಮ ಈಟಿಯವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಒಲೆಗಳ ಮುಂದೆ ನಿಲ್ಲಿಸತೊಡಗಿದರು.

"ಕಾಲಾಳುಗಳಿಗೆ ಇಂಥ ನಿಯಮ ಇಲ್ಲ," ಎಂದರು ಕಾರ್ಯದರ್ಶಿ.

"ಇಲ್ದಿದ್ರೆ ಬರ್ಕೊಳ್ಳಿ. ನಮ್ಮೋರೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಕಾರ್ಯದರ್ಶಿಗಳು ಪೆನ್ನು ತೆಗೆದು ನಿಜವಾಗಿಯೂ ಬರೆದುಕೊಂಡರು. ಆಮೇಲೆ ಟೇಪನ್ನು ಟೈಲರಮ್ಮನ ಮುಂದೆ ಇಟ್ಟರು. "ನಿಮ್ಮ ಸರದಿ, ತಾಯಿ."

ಟೈಲರಮ್ಮ ಕುರ್ಚಿಯಿಂದ ಎದ್ದು ಮೇಜಿನ ಉದ್ದಕ್ಕೂ ನೋಡಿದಳು. ಈಟಿಯವರ ಸಾಲು ಹಸಿರು ಬಟ್ಟೆಯ ಅಂಚಿನವರೆಗೆ ಬೆಳೆದಿತ್ತು. ಒಲೆಯ ಮೇಲೆ ಎರಡೇ ಹಂಡೆ.

"ಒಟ್ಟು ಎಷ್ಟು ಜನ ಇದ್ದೀರಿ?"

"ಸವಾರರು ಸೇರಿ ನೂರ ನಾಲ್ಕು," ಎಂದರು ಹಲ್ಲಿನ ಡಾಕ್ಟರು.

"ಎತ್ತಿನ ಗಾಡಿ ಒಂದು ಸಲಕ್ಕೆ ಎಷ್ಟು ಹೋಗುತ್ತೆ?"

"ಮೂರೇ ಅಂಗುಲ, ತಾಯಿ. ಅದು ನಿಧಾನ."

ಅವಳು ಟೇಪು ಬಿಚ್ಚಿದಳು. ಎಲ್ಲಕ್ಕಿಂತ ಹಿಂದೆ ನಿಂತಿದ್ದ ಹಿಟ್ಟಿನ ಮೂಟೆಯ ಗಾಡಿಯ ಚಕ್ರದ ಹತ್ತಿರ ಅದರ ತುದಿಯನ್ನಿಟ್ಟು, ಮೂರು ಅಂಗುಲಕ್ಕೆ ಉಗುರಿನಿಂದ ಗುರುತು ಮಾಡಿ, ಗಾಡಿಯನ್ನು ಒಲೆಯ ಕಡೆಗೆ ಮೆಲ್ಲಗೆ ತಳ್ಳಿದಳು.