ವರ್ದಾಳ ಶಿಲುಬೆ ನುಂಗಿದ ಕೊಡ

ನಾನು ಒಂದು ನೀರಿನ ಕೊಡ. ಈಗ ಹದಿನೇಳು ಚೂರು. ಹುಟ್ಟಿದ್ದು ಸಾವಿರದ ಒಂಬೈನೂರ ಇಪ್ಪತ್ತೈದರ ಬೇಸಿಗೆಯಲ್ಲಿ, ಯೇಸುವಿನ ಕಾಲದಲ್ಲಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಐವತ್ತೇಳು ವರ್ಷ ನನ್ನ ಪಕ್ಕದಲ್ಲಿ ಒಂದು ಸುಳ್ಳು ಚೀಟಿ ಇತ್ತು.

ನನ್ನ ಊರು ಪ್ಯಾಲೆಸ್ಟೈನಿನ ಬೇತ್ ರುಮ್ಮಾನ್. ಗುಡ್ಡದ ಮೇಲೆ ಅರುವತ್ತು ಮನೆ, ಒಂದು ಮಸೀದಿ, ಒಂದು ಚರ್ಚು, ಕೆಳಗೆ ಬಾವಿ. ನನ್ನನ್ನು ಮಾಡಿದವಳು ಹಲೀಮಾ. ಅವಳ ಬಳಿ ಕುಂಬಾರರು ತಿರುಗಿಸುವ ತಿಗರಿ ಇರಲಿಲ್ಲ. ಊರಿನಲ್ಲಿ ಒಡೆದ ಮಡಕೆಗಳನ್ನೆಲ್ಲ ತಂದು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುತ್ತಿದ್ದಳು. ಹಾಗೆ ಮಾಡದಿದ್ದರೆ ಕೊಡ ಬೆಂಕಿಯಲ್ಲಿ ಸೀಳುತ್ತದೆ. ಹಗ್ಗದಂತೆ ಹೊಸೆದ ಮಣ್ಣನ್ನು ಸುತ್ತು ಸುತ್ತಾಗಿ ಏರಿಸಿ, ಅಂಗೈಯಲ್ಲಿ ತಟ್ಟಿ, ಕೊರಳ ಸುತ್ತ ಕೆಂಪು ಗೆರೆ ಎಳೆದು, ಬೆರಣಿ ಬೆಂಕಿಯಲ್ಲಿ ಸುಟ್ಟಳು.

ನಾನು ಸೇರಿದ್ದು ವರ್ದಾಳ ಮನೆಗೆ. ವರ್ದಾ ಹೊಸ ಸೊಸೆ, ವಯಸ್ಸು ಹತ್ತೊಂಬತ್ತು, ನಾಲಗೆ ಹರಿತ. ಕ್ರೈಸ್ತರ ಮನೆ ಅದು. ಅವಳ ಕೊರಳಲ್ಲಿ ದೀಕ್ಷಾಸ್ನಾನದ ದಿನ ದಾರದಲ್ಲಿ ಕಟ್ಟಿದ ಬೆಳ್ಳಿಯ ಶಿಲುಬೆ, ಉಗುರಿನಷ್ಟು ಚಿಕ್ಕದು. ಅವಳಿಗೆ ನಾನು ಹಿಡಿಸಲಿಲ್ಲ. ಸೀಮೆಎಣ್ಣೆಯ ಖಾಲಿ ಡಬ್ಬಕ್ಕೆ ಮರದ ಹಿಡಿ ಹೊಡೆದು ಅದರಲ್ಲೇ ನೀರು ತರುತ್ತಿದ್ದಳು. ಹಗುರ, ಒಡೆಯುವುದಿಲ್ಲ. ಅತ್ತೆ ಗೊಣಗಿದ ದಿನ ಮಾತ್ರ ನನ್ನನ್ನು ಎತ್ತುತ್ತಿದ್ದಳು. ನಾನು ನೀರು ತಂಪು ಮಾಡುತ್ತಿದ್ದೆ, ಮೈಯೆಲ್ಲ ಬೆವರುತ್ತಿದ್ದೆ. ನನ್ನ ಕಸುಬು ಅಷ್ಟೇ.

ಮುಂದಿನ ವಸಂತದಲ್ಲಿ ಮೋಟಾರಿನಲ್ಲಿ ಕ್ರೌಸೆ ಎಂಬ ಪಾದ್ರಿ ಬಂದರು. ಕೈಯಲ್ಲಿ ಕ್ಯಾಮೆರಾ, ಜೊತೆಗೊಬ್ಬ ದುಭಾಷಿ. ಬಾವಿಕಟ್ಟೆಯ ಬಳಿ ವರ್ದಾ ಡಬ್ಬವನ್ನೂ ನನ್ನನ್ನೂ ಇಟ್ಟುಕೊಂಡು ನಿಂತಿದ್ದಳು. ಪಾದ್ರಿಗೆ ಕಂಡದ್ದು ನಾನೊಬ್ಬನೇ.

"ಯೇಸುವಿಗೆ ನೀರು ಕೊಟ್ಟ ಸಮಾರ್ಯದ ಹೆಂಗಸಿನ ಹಾಗೆ ನಿಲ್ಲಬೇಕಂತೆ," ಎಂದ ದುಭಾಷಿ. "ಡಬ್ಬ ಕಲ್ಲಿನ ಹಿಂದೆ ಇಡು."

ಇಟ್ಟಳು.

"ಚಪ್ಪಲಿ ಬಿಡು."

"ಮುಳ್ಳು ಚುಚ್ಚಿದರೆ ಅವನು ತೆಗೀತಾನಾ?" ಎನ್ನುತ್ತಲೇ ಬಿಟ್ಟಳು.

"ಕೊರಳಲ್ಲಿರೋ ಶಿಲುಬೆ ತೆಗಿ. ಆ ಹೆಂಗಸಿನ ಕಾಲದಲ್ಲಿ ಅದು ಇರಲಿಲ್ಲ."

ವರ್ದಾ ಪಾದ್ರಿಯನ್ನು ಮೇಲಿಂದ ಕೆಳಗೆ ನೋಡಿದಳು. "ಇವನು ಕ್ರೈಸ್ತ ತಾನೇ? ಮತ್ತೆ ಶಿಲುಬೆ ಕಂಡರೆ ಯಾಕೆ ಹೆದರ್ತಾನೆ?"

ಬಾವಿಯ ಬಳಿಯಿದ್ದ ಹೆಂಗಸರು ನಕ್ಕರು. ದುಭಾಷಿ ಅದನ್ನು ಪಾದ್ರಿಗೆ ತಲುಪಿಸಲಿಲ್ಲ. ವರ್ದಾ ಶಿಲುಬೆ ಬಿಚ್ಚಿದಳು. ಕಟ್ಟೆಯ ಮೇಲಿಟ್ಟರೆ ಬಾವಿಗೆ ಜಾರೀತೆಂದು ನನ್ನೊಳಗೆ ಹಾಕಿದಳು. ಅದನ್ನು ಯಾರೂ ಗಮನಿಸಲಿಲ್ಲ. ತಳದಲ್ಲಿ ಒಂದಿಷ್ಟು ಕೆಸರಿತ್ತು. ಅದು ಹೋಗಿ ಅದರಲ್ಲಿ ಕುಳಿತಿತು.

ಫೋಟೋ ಆಯಿತು. ವರ್ದಾ ಬಗ್ಗಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಪಾದ್ರಿ ನನ್ನನ್ನು ತಮಗೆ ಕೊಡುವಂತೆ ಕೇಳಿದರು. ಅಲ್ಲೇ ನಿಂತಿದ್ದ ಅವಳ ಮಾವ, "ಕೊಡ ತಾನೇ, ಒಯ್ಯಲಿ," ಎಂದುಬಿಟ್ಟ. ನನ್ನನ್ನು ಹುಲ್ಲಿನಲ್ಲಿ ಸುತ್ತಿ ಮೋಟಾರಿಗೇರಿಸಿದರು. ಗಾಡಿ ಹೊರಟಾಗ ವರ್ದಾ ಒಂದೇ ಚಪ್ಪಲಿಯಲ್ಲಿ ಓಡಿಬಂದಳು. "ನನ್ನ ಶಿಲುಬೆ! ಅದರೊಳಗಿದೆ!" ತಿರುವಿನವರೆಗೂ ಕೂಗಿದಳು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಪಾದ್ರಿ ಹಿಂದೆ ತಿರುಗಿ ಕೈಬೀಸಿದರು. "ಎಷ್ಟು ಪ್ರೀತಿಯ ಜನ," ಎಂದರು.

ವರ್ಷದೊಳಗೆ ಅವರಿಗೆ ಮಂಗಳೂರಿನ ಮಿಶನ್ನಿಗೆ ವರ್ಗವಾಯಿತು. ಹಡಗಿನಲ್ಲಿ ನನ್ನೊಳಗಿನ ಕೆಸರು ಒಣಗಿ ಕಲ್ಲಾಯಿತು. ಶಿಲುಬೆ ಅದರೊಳಗೆ ಹೂತುಹೋಯಿತು. ಮಿಶನ್ನಿನವರು ಒಂದು ಕೋಣೆಗೆ 'ಬೈಬಲ್ ನಾಡು' ಎಂದು ಹೆಸರಿಟ್ಟು ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟರು. ಗೋಡೆಯಲ್ಲಿ ವರ್ದಾಳ ಫೋಟೋ, ಕೆಳಗೆ 'ಸಮಾರ್ಯದ ಹೆಂಗಸು'. ನನ್ನ ಪಕ್ಕದ ಚೀಟಿಯಲ್ಲಿ, 'ಕ್ರಿಸ್ತನ ಕಾಲದ ಕೊಡ'. ಕ್ರೌಸೆ ಸುಳ್ಳುಗಾರರಲ್ಲ. ಆ ನಾಡಿನಲ್ಲಿ ಎರಡು ಸಾವಿರ ವರ್ಷದಿಂದ ಏನೂ ಬದಲಾಗಿಲ್ಲ ಎಂದು ನಂಬಿದ್ದರು, ಅಷ್ಟೇ. ಡಬ್ಬವನ್ನು ಕಲ್ಲಿನ ಹಿಂದೆ ಇಡಿಸಿದವರೂ ಅವರೇ.

ಒಣಗಿದ ಕೊಡಕ್ಕೆ ನೆಮ್ಮದಿಯಿಲ್ಲ. ನೀರಿಲ್ಲ, ಬೆವರಿಲ್ಲ, ಹೊಟ್ಟೆಯಲ್ಲಿ ಇನ್ನೊಬ್ಬರ ಒಡವೆ. ಹೇಳಲು ಬಾಯಿದ್ದೂ ಮಾತಿಲ್ಲ.

ಐವತ್ತಮೂರರಲ್ಲಿ ಸತ್ಯಾನಂದ ಕರ್ಕಡ ಎಂಬ ಮಾಸ್ತರರು ಆ ಕೋಣೆಯ ಉಸ್ತುವಾರಿಗೆ ಬಂದರು. ಸಂಡೇ ಸ್ಕೂಲಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಯೇಸು ಸ್ವಾಮಿ ನೀರು ಕುಡಿದದ್ದು ಇಂಥದ್ದರಲ್ಲೇ. ಮುಟ್ಟಬೇಡಿ!" ಎನ್ನುತ್ತಿದ್ದರು. ಒಂದು ಕ್ರಿಸ್ಮಸ್ ನಾಟಕದಲ್ಲಿ ಪಾತ್ರಧಾರಿ ಹುಡುಗಿ ನನ್ನನ್ನು ಕೈಜಾರಿ ಬೀಳಿಸಿದಳು. ತಳದಿಂದ ಕೊರಳವರೆಗೆ ಬಿರುಕು. ಕರ್ಕಡರು ಕೋಣೆಯ ಬಾಗಿಲು ಹಾಕಿಕೊಂಡು ಬಿರುಕಿಗೆ ಪ್ಲಾಸ್ಟರ್ ತುಂಬಿ ಮೇಲೆ ಬಣ್ಣ ಬಳಿದರು. ಯಾರಿಗೂ ಹೇಳಲಿಲ್ಲ.

ಎಂಬತ್ತಮೂರರಲ್ಲಿ ಬುಲೂಸ್ ಬಂದ. ಮಂಗಳೂರಿನಲ್ಲಿ ಫಾರ್ಮಸಿ ಓದುತ್ತಿದ್ದ ಪ್ಯಾಲೆಸ್ಟೈನಿನ ಯುವಕ. ಮನೆಯವರು ಅಮ್ಮಾನಿನಲ್ಲಿ. ಸಿಟಿ ಬಸ್ಸಿನಲ್ಲಿ ನೇತಾಡಿಯೇ ಕನ್ನಡ ಕಲಿತಿದ್ದ. ಆರಾಧನೆ ಮುಗಿಸಿ ಸುಮ್ಮನೆ ಕೋಣೆಗೆ ಬಂದಿದ್ದ.

"ನೀನು ಕ್ರಿಶ್ಚಿಯನ್ನಾ ಮಾರಾಯ?" ಕರ್ಕಡರಿಗೆ ಖುಷಿಯಾಯಿತು. "ನಿಮ್ಮವರು ಯಾವ ಮಿಶನ್ನಿಂದ ಆದದ್ದು? ಯಾವ ಇಸವಿ?"

"ಯಾವ ಮಿಶನ್ನೂ ಇಲ್ಲ ಸರ್. ಇಸವಿ ಮನೆಯಲ್ಲಿ ಯಾರಿಗೂ ನೆನಪಿಲ್ಲ, ಅಷ್ಟು ಹಳೇದು. ನಿಮ್ಮದು?"

"ನನ್ನ ಅಜ್ಜ, ಸಾವಿರದ ಎಂಟುನೂರ ಅರುವತ್ತೊಂದು."

"ಓ, ಹೊಸಬರು," ಎಂದ ಬುಲೂಸ್. ಕರ್ಕಡರು ನಕ್ಕುಬಿಟ್ಟರು.

ಬುಲೂಸ್ ನಗಲಿಲ್ಲ. ಫೋಟೋ ನೋಡುತ್ತಿದ್ದ. "ಸರ್, ಈ ಎದೆಯ ಮೇಲಿನ ಕಸೂತಿ ನಮ್ಮೂರಿನದು. ಬೇತ್ ರುಮ್ಮಾನ್. ಬೇರೆ ಊರಲ್ಲಿ ಹೀಗೆ ಹಾಕೂದಿಲ್ಲ. ನನ್ನ ಅಜ್ಜಿಯ ಹತ್ರ ಇಂಥದ್ದೇ ಉಂಟು."

"ಇದು ಸಮಾರ್ಯದ ಹೆಂಗಸು."

"ಹಾಗಾದ್ರೆ ಅವಳ ಹಿಂದೆ ಸೀಮೆಎಣ್ಣೆ ಡಬ್ಬ ಎಂಥಕ್ಕೆ?"

ಕರ್ಕಡರು ಕನ್ನಡಕ ಏರಿಸಿ ಬಗ್ಗಿದರು. ಕಲ್ಲಿನ ಮರೆಯಿಂದ ಡಬ್ಬದ ಒಂದು ಮೂಲೆ, ಮರದ ಹಿಡಿಯ ತುದಿ. ಮೂವತ್ತು ವರ್ಷ ಅದೇ ಫೋಟೋ ತೋರಿಸಿ ಪಾಠ ಹೇಳಿದ್ದರು. ಕುರ್ಚಿ ಎಳೆದು ಕೂತರು.

"ಊರ ಹೆಸರಾದ್ರೂ ಬರೆಯಿರಿ ಸರ್. ಈಗ ಊರು ಇಲ್ಲ. ನಲವತ್ತೆಂಟರ ಯುದ್ಧದಲ್ಲಿ ನಮ್ಮವರನ್ನು ಓಡಿಸಿದ್ರು, ಮತ್ತೆ ಮನೆಗಳನ್ನು ಒಡೆದ್ರು."

ನನ್ನ ಊರಿಗೆ ಏನಾಯಿತೆಂದು ನನಗೆ ತಿಳಿದದ್ದು ಹಾಗೆ.

"ಮಕ್ಕಳಿಗೆ ನಾನು ಏನು ಹೇಳಲಿ?" ಎಂದರು ಕರ್ಕಡರು. ಚೀಟಿ ತೆಗೆಯಲಿಲ್ಲ. ಆದರೆ ಫೋಟೋದ ಪ್ರತಿ ಮಾಡಿಸಿಕೊಟ್ಟರು. ಕೊಡವೂ ಇಲ್ಲೇ ಇದೆ ಎಂದು ಬರೆದು ಬುಲೂಸ್ ಅದನ್ನು ಅಮ್ಮಾನಿನ ಅಜ್ಜಿಗೆ ಕಳಿಸಿದ.

ಎರಡು ತಿಂಗಳಿಗೆ ಉತ್ತರ ಬಂತು. ನನ್ನ ಮುಂದೆಯೇ ನಿಂತು ಕರ್ಕಡರಿಗೆ ಓದಿ ಹೇಳಿದ.

"ಫೋಟೋದಲ್ಲಿರುವುದು ನನ್ನ ವಾರಗಿತ್ತಿ ವರ್ದಾ. ನಾನು ಆ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ಅವಳಿಗೆ ಶಿಲುಬೆ ಮಾರಿಕೊಂಡವಳು ಎಂಬ ಹೆಸರು ಬಿದ್ದಿತ್ತು. ಪರದೇಶಿಯವನು ಒಯ್ದ ಕೊಡದೊಳಗೆ ಹೋಯಿತು ಎಂದು ಅವಳು ಆಣೆ ಇಟ್ಟಳು. ಅತ್ತೆ ಸಾಯುವವರೆಗೂ ನಂಬಲಿಲ್ಲ. ಜಗಳವಾದಾಗಲೆಲ್ಲ ನಾನೂ ಅದನ್ನೇ ಎತ್ತಿ ಆಡಿದೆ. ಅವಳಿಗೀಗ ಎಪ್ಪತ್ತೇಳು. ಫೋಟೋ ತೋರಿಸಿದೆ. ಕೊಡದೊಳಗೆ ನೋಡಲಿ ಎಂದಳು."

ಕರ್ಕಡರು ಬೀಗ ತೆಗೆದು ಟಾರ್ಚ್ ಬಿಟ್ಟು ಇಣುಕಿದರು. ತಳದ ಗಟ್ಟಿ ಮಣ್ಣಿನಿಂದ ದಾರದ ಒಂದು ಎಳೆ ಮೇಲೆದ್ದಿತ್ತು. ತಂತಿ ಹಾಕಿ ಕೆದಕಿದರು. ಅಲುಗಲಿಲ್ಲ.

"ನೀರು ತುಂಬಿಸಿಟ್ರೆ ಮಣ್ಣು ಕರಗ್ತದೆ ಸರ್."

"ಮಣ್ಣು ಮಾತ್ರ ಅಲ್ಲ ಮಾರಾಯ, ಪ್ಲಾಸ್ಟರೂ ಕರಗ್ತದೆ. ಒಡೆದದ್ದನ್ನು ಅಂಟಿಸಿದ್ದು ನಾನೇ. ಇದು ನಿಲ್ಲೂದಿಲ್ಲ."

ಬುಲೂಸ್ ಪತ್ರ ಮಡಿಚಿ ಜೇಬಿಗಿಟ್ಟ. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡನೇನೋ. ಕರ್ಕಡರು ಸ್ವಲ್ಪ ಹೊತ್ತು ನನ್ನ ಕೊರಳಿನ ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು. ಮಕ್ಕಳಿಗೆ ಮುಟ್ಟಲು ಬಿಡದ ಜಾಗ ಅದು. ಆಮೇಲೆ ನನ್ನನ್ನು ಎದೆಗವಚಿಕೊಂಡು ಜಗಲಿಗೆ ತಂದಿಟ್ಟು, "ನಲ್ಲಿ ತಿರುಗಿಸು," ಎಂದರು.

ಐವತ್ತೇಳು ವರ್ಷದ ಮೇಲೆ ನೀರು. ಚೊಂಬು ಚೊಂಬಾಗಿ ಕುಡಿದೆ. ಮೊದಲು ತಳ ತಣ್ಣಗಾಯಿತು, ಆಮೇಲೆ ಹೊಟ್ಟೆ, ಆಮೇಲೆ ಹೊರಮೈ ತೇವವಾಯಿತು. ಬೆವರಿದೆ. ಕರ್ಕಡರು ಅಂಗೈ ಇಟ್ಟು ನೋಡಿ, "ತಂಪುಂಟು," ಎಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಮತ್ತೆ ಕೊಡವಾಗಿದ್ದೆ. ಆಮೇಲೆ ಪ್ಲಾಸ್ಟರ್ ಮೆತ್ತಗಾಗಿ ಬಿರುಕು ಬಾಯಿಬಿಟ್ಟಿತು, ನಾನು ಹದಿನೇಳು ಚೂರಾಗಿ ಕುಸಿದೆ. ನೀರು ಜಗಲಿಯ ತುಂಬ ಹರಿಯಿತು. ಕೆಸರಿನಲ್ಲಿ ಬೆರಳಾಡಿಸಿ ಬುಲೂಸ್ ಕಪ್ಪಗಾದ ಒಂದು ಚೂರು ಬೆಳ್ಳಿ ಎತ್ತಿಕೊಂಡ. ಅದು ಅವನ ಉಗುರಿನಷ್ಟಿತ್ತು.

ರಜೆಗೆ ಹೋಗಿ ಬಂದವನನ್ನು ಕರ್ಕಡರು ಮೆಟ್ಟಿಲಲ್ಲೇ ತಡೆದರು. "ಕೊಟ್ಟೆಯಾ? ಏನು ಹೇಳಿದ್ರು?"

"ಕೈಯಲ್ಲಿ ಹಿಡಿದು ನೋಡಿದ್ರು ಸರ್. ಮತ್ತೆ ನನ್ನ ಅಜ್ಜಿಗೆ ಕೊಟ್ಟು, 'ನೀನೇ ಕಟ್ಟು' ಅಂದ್ರು. ಅಜ್ಜಿಯ ಕೈಯಲ್ಲಿ ಮೂರು ಸಲ ಗಂಟು ಜಾರಿತು. ವರ್ದಾ ಅಜ್ಜಿ ಕತ್ತು ಬಗ್ಗಿಸಿ ಕೂತೇ ಇದ್ರು. ಸಹಾಯ ಮಾಡಲಿಲ್ಲ."

"ಕೊಡದ ವಿಷಯ?"

"ಒಡೆಯಿತು ಅಂದೆ. 'ಹೋಗಲಿ ಬಿಡು, ಮೊದಲಿಂದಲೂ ಭಾರ. ಡಬ್ಬವೇ ವಾಸಿ' ಅಂದ್ರು."

ಕರ್ಕಡರು ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ.

ಈಗ ನಾನು ಅದೇ ಕಪಾಟಿನ ಕೆಳಗಿನ ಅರೆಯಲ್ಲಿ, ಮರದ ಪೆಟ್ಟಿಗೆಯಲ್ಲಿದ್ದೇನೆ. ಹೊಸ ಚೀಟಿ ಕರ್ಕಡರ ಕೈಬರಹ: 'ಬೇತ್ ರುಮ್ಮಾನಿನ ಕೊಡ, 1925. ನೀರು ಹೊತ್ತವಳು ವರ್ದಾ.' ಹಲೀಮಾಳ ಹೆಸರು ಅದರಲ್ಲಿಲ್ಲ. ಅದು ಅವರಿಗೆ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತು. ಚೂರಾದ ಮೇಲೆ ನಾನು ಇನ್ನೂ ಹಳೆಯದಾಗಿ ಕಾಣುತ್ತೇನೇನೋ, "ಕ್ರಿಸ್ತನ ಕಾಲದ್ದಾ?" ಎಂದು ಬಂದವರು ಈಗಲೂ ಕೇಳುತ್ತಾರೆ. ಚೀಟಿ ಓದಿ ಮುಖ ಸಣ್ಣದು ಮಾಡಿಕೊಂಡು ಮುಂದಿನ ಕಪಾಟಿಗೆ ಹೋಗುತ್ತಾರೆ.

ಹೋಗಲಿ. ಬೇತ್ ರುಮ್ಮಾನಿನಲ್ಲಿ ಚೂರುಗಳನ್ನು ಯಾರೂ ಪೆಟ್ಟಿಗೆಯಲ್ಲಿಡುತ್ತಿರಲಿಲ್ಲ. ಕುಟ್ಟಿ ಪುಡಿಮಾಡಿ ಮುಂದಿನ ಕೊಡದ ಮಣ್ಣಿಗೆ ಬೆರೆಸುತ್ತಿದ್ದರು. ಇಲ್ಲಿ ನನ್ನನ್ನು ಕುಟ್ಟುವವರಿಲ್ಲ. ಆ ಒಂದು ಚಡಪಡಿಕೆ ಉಳಿದಿದೆ.