ಬೋರ್ಡಿನಲ್ಲಿ ಉಳಿದ ಬಿಲ್ಲೆ

ನಾನು ಅಗ್ನಿಶಾಮಕ ಠಾಣೆಯ ಚೀಫ್ ಆದೆ ಎಂದಾಗ ಅಮ್ಮ ಬಟಾಣಿ ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ಇನ್ಮೇಲೆ ಬೆಂಕಿಯೊಳಗೆ ಹೋಗೋದಿಲ್ಲ ತಾನೇ?"

"ಇಲ್ಲಮ್ಮ. ಚೀಫ್ ಆದವರು ಹೊರಗೆ ನಿಂತು ಹೇಳಬೇಕು. ಉಳಿದವರು ಕೇಳಬೇಕು."

"ಕೇಳಬೇಕಲ್ಲ ಅವರು!" ಎಂದಳು ಅಮ್ಮ. "ಮನೇಲಿ ನಿನ್ನ ಮಾತನ್ನ ಬೆಕ್ಕೂ ಕೇಳಲ್ಲ."

ತಮಾಷೆಗೆ ಹೇಳಿದ್ದು. ಆದರೆ ಆ ವಾರವೆಲ್ಲ ಅದೇ ಮಾತು ನನ್ನನ್ನು ಕೊರೆಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಕುಳ್ಳಿ, ಗೀರಿದರೆ ಸಾಕು ಹತ್ತಿಕೊಳ್ಳುತ್ತಾಳೆ ಎಂದು ಠಾಣೆಯಲ್ಲಿ ನನಗೆ ಬೆಂಕಿಪೊಟ್ಟಣ ಎಂದೇ ಹೆಸರು. ಹೆಸರಿಟ್ಟವನು ಗಡ್ಡಣ್ಣ.

ಗಡ್ಡಣ್ಣನಿಗೆ ಗಡ್ಡ ಇಲ್ಲ. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಹೊಗೆ ನುಗ್ಗುತ್ತದೆ. ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ಎದೆಯುದ್ದದ ಗಡ್ಡ ಬೋಳಿಸಿಕೊಂಡು, ಸಂಜೆವರೆಗೂ ಗಲ್ಲ ಸವರಿಕೊಳ್ಳುತ್ತ ಕೂತಿದ್ದನಂತೆ. ಗಡ್ಡ ಹೋಯಿತು, ಹೆಸರು ಉಳಿಯಿತು. ಇಷ್ಟು ವರ್ಷ ಪೈಪಿನ ಮೂತಿ ಹಿಡಿದು ಮುಂದೆ ಹೋಗುತ್ತಿದ್ದವಳು ನಾನು, ಪೈಪು ಹೊತ್ತು ಹಿಂದೆ ಬರುತ್ತಿದ್ದವನು ಅವನು. ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ನನ್ನ ಬಲ ಭುಜದ ಮೇಲೆ ಅವನ ಕೈ ಇರುತ್ತಿತ್ತು.

ಚೀಫ್ ಹುದ್ದೆಗೆ ಇಬ್ಬರೂ ಪರೀಕ್ಷೆ ಬರೆದೆವು. ನನಗೆ ಸಿಕ್ಕಿತು. ಮಾರನೆಯ ದಿನದಿಂದ ನಾನು ಅವನಿಗೆ ಮೇಡಂ.

"ಗಡ್ಡಣ್ಣ, ಟೀ ಕುಡಿಯೋಣ ಬಾ."

"ನೀವು ಕುಡೀರಿ ಮೇಡಂ. ನನಗೆ ಕೆಲಸ ಇದೆ."

ಕೆಲಸ ಏನೆಂದರೆ, ಒಣಗಿದ ಪೈಪನ್ನೇ ಮತ್ತೆ ಒಣಗಿಸುವುದು. ಜಗಳ ತೆಗೆದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಮರ್ಯಾದೆ ಕೊಡುವವನನ್ನು ಏನೆಂದು ಬೈಯುವುದು? ನಾಳೆ ಬೆಂಕಿ ಬಿದ್ದ ಕಡೆ ನಾನೊಂದು ಮಾತು ಹೇಳಿ, ಇವನು ಅದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಏನು ಗತಿ ಎಂಬ ಹೆದರಿಕೆ ಊಟದ ಜೊತೆಗೂ ನಿದ್ದೆಯ ಜೊತೆಗೂ ಬರುತ್ತಿತ್ತು.

ನಿವೃತ್ತರಾದ ಹಳೆಯ ಚೀಫ್ ಬಿಳಿ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಡುವಾಗ ಎರಡು ಮಾತು ಹೇಳಿದ್ದರು. ಮೊದಲನೆಯದು, "ಪೈಪು ಮುಟ್ಟಬೇಡ. ಪೈಪು ಹಿಡಿದವರಿಗೆ ಅದರ ಮೂತಿಯ ಮುಂದಿರೋದು ಮಾತ್ರ ಕಾಣುತ್ತೆ." ಎರಡನೆಯದು, "ತಲೆ ಎಣಿಸಬೇಡ, ಬಿಲ್ಲೆ ಎಣಿಸು."

ಬಿಲ್ಲೆ ಎಂದರೆ ಹೆಸರು ಕೊರೆದ ಹಿತ್ತಾಳೆಯ ತುಂಡು. ನಮ್ಮೆಲ್ಲರ ಕೋಟಿನ ಮೇಲೂ ಒಂದೊಂದು ನೇತಾಡುತ್ತಿರುತ್ತದೆ. ಬೆಂಕಿಯೊಳಗೆ ಹೋಗುವವರು ಅದನ್ನು ಬಿಚ್ಚಿ ಗಾಡಿಯ ಪಕ್ಕದ ಬೋರ್ಡಿನ ಕೊಕ್ಕೆಗೆ ತೂಗುಹಾಕಬೇಕು, ಹೊರಬಂದ ಮೇಲೆ ತೆಗೆದುಕೊಳ್ಳಬೇಕು. ಬೋರ್ಡು ಖಾಲಿಯಾದರೆ ಎಲ್ಲರೂ ಹೊರಗಿದ್ದಾರೆ. ಒಂದೇ ಒಂದು ಉಳಿದರೂ ಯಾರೋ ಒಳಗಿದ್ದಾರೆ. ತಲೆಗಳನ್ನು ನಂಬುವ ಹಾಗಿಲ್ಲ. ಮಸಿ ಮೆತ್ತಿದ ಮುಖಗಳೆಲ್ಲ ಒಂದೇ ತರ. ಒಬ್ಬ ನೀರು ಕುಡಿಯಲು ಹೋಗಿರುತ್ತಾನೆ, ಇನ್ನೊಬ್ಬ ಮೂಲೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿರುತ್ತಾನೆ. ಹಿತ್ತಾಳೆ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆವು ಅಷ್ಟೇ, ಗಂಟೆ ಹೊಡೆಯಿತು. ಹಾಸಿಗೆ ಹೊಲಿಯುವ ಕಾರ್ಖಾನೆಗೆ ಬೆಂಕಿ. ಹಾಸಿಗೆಯ ಬೆಂಕಿಯಂಥ ಕಪಟಿ ಇನ್ನೊಂದಿಲ್ಲ. ಮೇಲೆ ಆರಿದ ಹಾಗೆ ನಾಟಕ ಮಾಡಿ ಒಳಗೊಳಗೇ ಮೇಯುತ್ತಿರುತ್ತದೆ.

ಗಾಡಿ ನಿಂತದ್ದೇ ಧುಮುಕಿದೆ. ಕೋಟಿನ ಗುಂಡಿ, ಗವಸು, ಹೆಲ್ಮೆಟ್ಟಿನ ಪಟ್ಟಿ, ಅದು ಇದು ಎಂದು ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿದವು. ಕಣ್ಣು ಮಾತ್ರ ಕಟ್ಟಡದ ಮೇಲಿತ್ತು. ಆಮೇಲೆ ನೋಡಿದರೆ ಪೈಪಿಗೇ ಕೈ ಹಾಕಿಬಿಟ್ಟಿದ್ದೆ. ಗಡ್ಡಣ್ಣ ಅದನ್ನು ಮೆಲ್ಲಗೆ ಬಿಡಿಸಿಕೊಂಡ.

"ಬಿಡಿ ಮೇಡಂ. ಅದು ನಮ್ಮ ಕೆಲಸ."

ಎಲ್ಲರೆದುರು ಮುಖ ಕೆಂಪಾಯಿತು. ಅವರೆಲ್ಲ ಬಿಲ್ಲೆ ತೂಗುಹಾಕಿ ಒಳಗೆ ಹೋದರು. ನಾನು ಮುಂಬಾಗಿಲ ಎದುರು ನಿಂತೆ.

ಹೊಲಿಯುವ ಹೆಂಗಸರೆಲ್ಲ ಮೊದಲೇ ರಸ್ತೆಯ ಆಚೆ ಬದಿಗೆ ಬಂದಿದ್ದರು. ಒಬ್ಬರೂ ಒಳಗೆ ಉಳಿದಿಲ್ಲ ಎಂದು ಅವರ ಮೇಸ್ತ್ರಿ ಎರಡು ಸಲ ಹೇಳಿದಳು. ಒಳಗಿದ್ದದ್ದು ಅರಳೆ, ಫೋಮು, ಮತ್ತೆ ಮಾಲೀಕರ ಹೊಸ ಮಷೀನು. ಅವರು ನನ್ನ ಕಿವಿಯ ಹತ್ತಿರವೇ ನಿಂತು "ನನ್ನ ಮಷೀನು, ನನ್ನ ಮಷೀನು" ಎಂದು ಗೋಳಾಡುತ್ತಿದ್ದರು. ಪಾಪ ಅನಿಸಿತು, ಸಿಟ್ಟೂ ಬಂತು. "ಸ್ವಲ್ಪ ಆಚೆ ನಿಲ್ಲಿ" ಎಂದು ಕಳಿಸಿದೆ.

ಹೊರಗೆ ನಿಲ್ಲುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಒಳಗಿದ್ದರೆ ಕೈಗೆ ಕೆಲಸವಿರುತ್ತದೆ, ಹೆದರಲು ಪುರುಸೊತ್ತಿರುವುದಿಲ್ಲ. ಆದರೆ ಹೊರಗೆ ನಿಂತದ್ದರಿಂದಲೇ ಒಂದು ಸಂಗತಿ ಕಂಡಿತು. ತಗಡಿನ ಛಾವಣಿ ನಡುವಿನಲ್ಲಿ ತುಸು ಜಗ್ಗಿತ್ತು. ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಇನ್ನೂ ಜಗ್ಗಿತು. ಅದನ್ನು ಹೊತ್ತಿದ್ದ ಮರದ ತೊಲೆ ಸುಡುತ್ತಿದೆ ಎಂದು ಗೊತ್ತಾಯಿತು.

ವಾಕಿಟಾಕಿ ಬಾಯಿಗೆ ಹಿಡಿದೆ. "ಎಲ್ಲರೂ ಹೊರಗೆ ಬನ್ನಿ."

"ಮೇಡಂ, ಹತೋಟಿಗೆ ಬರ್ತಾ ಇದೆ," ಎಂದ ಗಡ್ಡಣ್ಣ ಒಳಗಿನಿಂದ. "ಇನ್ನು ಸ್ವಲ್ಪ ಹೊತ್ತು."

"ಬೇಡ. ಛಾವಣಿ ಕೂರ್ತಾ ಇದೆ. ಪೈಪು ಅಲ್ಲೇ ಬಿಸಾಕಿ ಬನ್ನಿ."

ವಾಕಿಟಾಕಿ ಕರಕರ ಎಂದು ಸುಮ್ಮನಾಯಿತು.

ಮುಂಬಾಗಿಲಿಂದ ಒಬ್ಬೊಬ್ಬರಾಗಿ ಬಂದರು. ಬಂದವರು ಗಾಡಿಯ ಆಚೆ ಬದಿಗೆ ಹೋಗಿ ಬಿಲ್ಲೆ ತೆಗೆದುಕೊಂಡರು. ಗಡ್ಡಣ್ಣ ಬರಲಿಲ್ಲ. ಬಾಗಿಲಲ್ಲಿ ಬರೀ ಹೊಗೆ. ಅಷ್ಟರಲ್ಲಿ ಪಂಪಿನ ಹತ್ತಿರವಿದ್ದ ಚಾಲಕ ಕೂಗಿದ.

"ಚೀಫ್, ಬೋರ್ಡಲ್ಲಿ ಇನ್ನೊಂದಿದೆ!"

"ಯಾರದ್ದು?"

"ಹೆಸರು ಕಾಣಿಸ್ತಿಲ್ಲ, ಪೂರ್ತಿ ಸವೆದಿದೆ!"

ಸವೆದ ಬಿಲ್ಲೆ ಎಂದರೆ ಹಳಬರದ್ದು. ಒಳಗೆ ಹೋದವರಲ್ಲಿ ಹಳಬ ಅವನೊಬ್ಬನೇ.

"ಗಡ್ಡಣ್ಣ!" ಎಂದು ವಾಕಿಟಾಕಿಯಲ್ಲಿ ಕಿರುಚಿದೆ. ಉತ್ತರವಿಲ್ಲ. ಇನ್ನೊಮ್ಮೆ ಕಿರುಚಿದೆ. ನನ್ನ ಮಾತು ಕೇಳಬಾರದು ಎಂದೇ ನಿಂತಿದ್ದಾನೆ, ಹೊರಗೆ ಬರಲಿ, ಇವನಿಗೆ ಮಾಡ್ತೀನಿ ಎಂದು ಹಲ್ಲು ಕಡಿದೆ. ಮರುಕ್ಷಣವೇ, ಬಂದರೆ ಸಾಕು ದೇವರೇ, ಒಂದು ಮಾತೂ ಅನ್ನುವುದಿಲ್ಲ ಎಂದು ಬೇಡಿಕೊಂಡೆ.

ಹೊರಬಂದವರಲ್ಲಿ ಇಬ್ಬರು ಆಗಲೇ ಮತ್ತೆ ಮಾಸ್ಕಿಗೆ ಕೈ ಹಾಕಿದ್ದರು. "ನಾವು ಹೋಗಿ ಕರ್ಕೊಂಡು ಬರ್ತೀವಿ ಚೀಫ್." ಹೋಗಿ ಎಂದು ನಾನು ಅನ್ನಬೇಕು ಅಷ್ಟೇ, ಹೋಗುವವರು. ಛಾವಣಿ ನೋಡಿದೆ. ಒಬ್ಬನನ್ನು ಉಳಿಸಲು ಇಬ್ಬರನ್ನು ಅದರ ಕೆಳಗೆ ಹೇಗೆ ಕಳಿಸಲಿ? ಅವನನ್ನು ಬಿಟ್ಟು ಸುಮ್ಮನೆ ಹೇಗೆ ನಿಲ್ಲಲಿ?

"ಯಾರೂ ಹೋಗ್ಬೇಡಿ. ನಾನೇ ಹೋಗ್ತೀನಿ," ಎಂದು ಒಬ್ಬನ ಮಾಸ್ಕ್ ಕಿತ್ತುಕೊಂಡು ಬಾಗಿಲ ಕಡೆ ಓಡಿದೆ.

ಬಲ ಭುಜದ ಮೇಲೆ ಕೈ ಬಿತ್ತು. ಆ ಕೈಯ ತೂಕ ನನಗೆ ಗೊತ್ತು.

"ಏ ಬೆಂಕಿಪೊಟ್ಟಣ! ಎಲ್ಲಿಗೆ ಹೊರಟೆ?"

ತಿರುಗಿದರೆ ಗಡ್ಡಣ್ಣ. ಮುಖವೆಲ್ಲ ಮಸಿ, ಕಣ್ಣೆರಡು ಮಾತ್ರ ಬೆಳ್ಳಗೆ. ಕೋಟಿನ ಮೇಲೆ ಅವನ ಬಿಲ್ಲೆ ನೇತಾಡುತ್ತಿತ್ತು. ಅವನು ನನ್ನನ್ನು ದರದರ ಎಳೆದುಕೊಂಡು ಗಾಡಿಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ನೀನು... ನೀನು ಒಳಗೆ..."

"ನೀನು ಬಿಸಾಕಿ ಬಾ ಅಂದೆ, ಬಿಸಾಕಿ ಬಂದೆ. ಹಿಂದಿನ ಬಾಗಿಲು ಹತ್ತಿರ ಇತ್ತು. ವಾಕಿಟಾಕಿ ನೀರು ಕುಡಿದು ಸತ್ತಿದೆ. ಬಿಲ್ಲೆ ತಗೊಂಡು ಗಾಡಿ ಹಿಂದೆ ಕೂತು ಕೆಮ್ತಾ ಇದ್ದೆ."

ಚಾಲಕನ ಕಣ್ಣು ಪಂಪಿನ ಒತ್ತಡ ತೋರಿಸುವ ಮುಳ್ಳಿನ ಮೇಲಿತ್ತು. ಮಸಿ ಮುಖದ ಯಾರೋ ಬಂದು ಬಿಲ್ಲೆ ತೆಗೆದುಕೊಂಡದ್ದು ಗೊತ್ತು, ಯಾರೆಂದು ನೋಡಿರಲಿಲ್ಲ.

"ಹಾಗಾದ್ರೆ ಆ ಬಿಲ್ಲೆ ಯಾರದ್ದು?" ಎಂದೆ.

ಗಡ್ಡಣ್ಣ ಬೋರ್ಡಿನಿಂದ ಅದನ್ನು ತೆಗೆದು ನನ್ನೆದುರು ಹಿಡಿದ. ಸವೆದು ನುಣ್ಣಗಾದ ಹಿತ್ತಾಳೆ, ಅಂಚಿನಲ್ಲೊಂದು ತಗ್ಗು. ಎಷ್ಟೋ ವರ್ಷದ ಹಿಂದೆ ಅವನೇ ಅದರಿಂದ ಸೋಡಾ ಬಾಟಲಿಯ ಮುಚ್ಚಳ ಎಬ್ಬಿಸಲು ಹೋಗಿ ಮಾಡಿದ ತಗ್ಗು. ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ನನ್ನ ಕೋಟು ಮುಟ್ಟಿ ನೋಡಿಕೊಂಡೆ. ಬಿಲ್ಲೆ ಇರುವ ಜಾಗ ಖಾಲಿ. ಗಾಡಿಯಿಂದ ಧುಮುಕಿದಾಗ ಗುಂಡಿ, ಗವಸು, ಪಟ್ಟಿಯ ಜೊತೆಗೆ ಈ ಹಾಳು ಕೈ ಬಿಲ್ಲೆಯನ್ನೂ ಕೊಕ್ಕೆಗೆ ಹಾಕಿತ್ತು.

"ಯಾರನ್ನ ಹುಡುಕ್ಕೊಂಡು ಒಳಗೆ ಹೊರಟಿದ್ದೆ ಮಹಾತಾಯಿ?" ಎಂದ ಗಡ್ಡಣ್ಣ. "ನಿನ್ನನ್ನೇನಾ?"

ಆಗ ಛಾವಣಿ ಬಿತ್ತು. ನಡುವಿನಿಂದ ಮುರಿದು, ಗೋಡೆಯ ಮೇಲಿನ ಇಟ್ಟಿಗೆ ಸಾಲನ್ನೂ ಎಳೆದುಕೊಂಡು ಧಡಾರೆಂದು ಕೂತಿತು. ಬಿಸಿಗಾಳಿ ನಮ್ಮ ಮುಖಕ್ಕೆ ಬಡಿಯಿತು. ಮಾಲೀಕರು ಕೂಡ ಮಷೀನಿನ ಹೆಸರೆತ್ತಲಿಲ್ಲ.

ನಾನು ಒಬ್ಬೊಬ್ಬರನ್ನೂ ಮುಟ್ಟಿ ನೋಡಿದೆ. ತಲೆ ಎಣಿಸಬಾರದು ಎಂದಿದ್ದರೂ ಎಣಿಸಿದೆ. ಎಲ್ಲರೂ ಇದ್ದರು. ಹೋದ ಜೀವ ಬಂದ ಹಾಗಾಯಿತು ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಬರುತ್ತದೆ. ಒದ್ದೆ ರಸ್ತೆಯ ಮೇಲೆ ಹಾಗೇ ಕೂತುಬಿಟ್ಟೆ.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲ ಚೀಫ್!" ಎಂದ ಚಾಲಕ. ಮೊದಲು ನಕ್ಕವಳು ನಾನೇ. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಯಾರೂ ಆ ಕಡೆ ನೋಡದವರ ಹಾಗೆ ಪೈಪು ಸರಿಮಾಡಿದರು.

ಮಿಕ್ಕ ಬೆಂಕಿಯನ್ನು ಹೊರಗಿನಿಂದಲೇ ಆರಿಸಿದೆವು. ಸಂಜೆ ಗಾಡಿಯ ಮೆಟ್ಟಿಲ ಮೇಲೆ ಗಡ್ಡಣ್ಣ ನನ್ನ ಪಕ್ಕ ಬಂದು ಕೂತ.

"ನಿನಗೆ ಚೀಫ್ ಕೆಲಸ ಸಿಕ್ಕಾಗ ಹೊಟ್ಟೆ ಉರೀತು," ಎಂದ.

"ಗೊತ್ತು."

"ಇವತ್ತು ಹೊರಗೆ ನಿಂತಿದ್ದವನು ನಾನಾಗಿದ್ರೆ, ಇನ್ನು ಸ್ವಲ್ಪ ಹೊತ್ತು ಇರಿ ಅಂತಿದ್ದೆ." ಬಿದ್ದ ಛಾವಣಿಯನ್ನೇ ನೋಡುತ್ತ ಗಲ್ಲ ಸವರಿಕೊಂಡ. ಆಮೇಲೆ, "ಟೀ ಕುಡಿಸು. ಒಂದು ವಾರದ ಬಾಕಿ ಇದೆ," ಎಂದ.

ಠಾಣೆಯಿಂದ ಹಳೆಯ ಚೀಫ್‌ಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ಮೂರನೇ ಮಾತು ಹೇಳೋದೇ ಮರೆತೆ. ನಿನ್ನ ಬಿಲ್ಲೆ ಮನೇಲಿಡು. ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಯಾರಿಗೂ ಹೇಳ್ಬೇಡ."

ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ನನ್ನ ಕೂದಲು ಮೂಸಿದಳು.

"ಹೊರಗೆ ನಿಂತಿದ್ದೆ ತಾನೇ?"

"ನಿಂತಿದ್ದೆ. ನನ್ನ ಮಾತು ಕೇಳಿದ್ರಮ್ಮ. ಎಲ್ಲರೂ ಕೇಳಿದ್ರು."

ಬಾಗಿಲ ಪಕ್ಕ ಬೀಗದಕೈ ತೂಗುಹಾಕುವ ಮೊಳೆಗೆ ಬಿಲ್ಲೆ ಹಾಕಿದೆ. ಇದೇನು ಎಂದಳು ಅಮ್ಮ.

"ಇದು ಇಲ್ಲಿದ್ರೆ ನಾನು ಬೆಂಕಿಯ ಹೊರಗಿದ್ದೀನಿ ಅಂತ ಲೆಕ್ಕ."

ಅಮ್ಮ ಅದನ್ನು ಬೆರಳಲ್ಲಿ ಒಮ್ಮೆ ಸವರಿ, ಬೀಳುವುದಿಲ್ಲ ತಾನೇ ಎಂದು ಮೊಳೆಯನ್ನೂ ಅಲ್ಲಾಡಿಸಿ ನೋಡಿದಳು. ನಾನು ಕೆಲಸಕ್ಕೆ ಸೇರಿದಾಗಿನಿಂದ ಅವಳು ಮಲಗುತ್ತಿದ್ದದ್ದು ಫೋನಿನ ಕಡೆ ಕಿವಿ ಕೊಟ್ಟೇ. ಅಂದು ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.