ಹದಿನಾಲ್ಕು ದಿನ ಕರಗದ ಜೆಲ್

ಮಲೀಕಾ ಪಿಎಚ್‌ಡಿಗೆ ಸೇರಿ ಮೂರು ವರ್ಷವಾಗಿತ್ತು. ಚಿತ್ರದುರ್ಗದ ಒಂದು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಅವಳು ಮಾಡುತ್ತಿದ್ದದ್ದು ಸುಟ್ಟಗಾಯದ ಮೇಲಿಡುವ ಜೆಲ್. ಜೆಲಾಟಿನ್ನಿನದು, ಅಂದರೆ ಮೂಳೆ, ಚರ್ಮ ಬೇಯಿಸಿದರೆ ಬಿಡುವ ಅಂಟಿನದು. ಅದು ನೀರು ಹೀರಿ ತಂಪಾಗಿ ಗಾಯದ ಮೇಲೆ ಕೂರಬೇಕು, ಅಡಿಯಲ್ಲಿ ಹೊಸ ಚರ್ಮ ಬರುವ ತನಕ ಅಲ್ಲಾಡಬಾರದು. ಕೇಳೋಕೆ ಇಷ್ಟೇ. ಮಾಡೋಕೆ ಕೂತರೆ ಜೀವ ಹಿಂಡಿ ಹಿಪ್ಪೆ ಮಾಡುತ್ತದೆ.

ಡಿಸೆಂಬರಿನಲ್ಲಿ ಯಾವ ಕೆಮಿಕಲ್ಲೂ ಹಾಕದೆ, ಜೆಲಾಟಿನ್ ಕರಗಿಸಿ ತಣ್ಣಗಾಗಲು ಬಿಟ್ಟಳು. ಚೆನ್ನಾಗಿ ಕಟ್ಟಿತು. ಮೈಬಿಸಿಯಷ್ಟೇ ಬೆಚ್ಚಗಿಡುವ ಲ್ಯಾಬಿನ ಇನ್‌ಕ್ಯುಬೇಟರ್ ಪೆಟ್ಟಿಗೆ ಕೆಟ್ಟು ಕೂತಿತ್ತು. ಅದಕ್ಕೆ ಮುಚ್ಚಿದ ಡಬ್ಬಿಯನ್ನು ಮೇಜಿನ ಮೇಲೇ ಇಟ್ಟಳು. ಹದಿನಾಲ್ಕು ದಿನವಾದರೂ ಕರಗಲಿಲ್ಲ. ಅವಳ ಗೈಡ್ ಕನಕರಾಜ್ ಸರ್ ಹಿಗ್ಗಿ ಹೀರೇಕಾಯಿಯಾದರು. ಒಳಗೆ ಏನು ಬರೆಯಬೇಕೆಂದು ಗೊತ್ತಾಗುವ ಮೊದಲೇ ಸಂಶೋಧನಾ ಪೇಪರಿಗೆ ಹೆಸರಿಟ್ಟರು: ಹದಿನಾಲ್ಕು ದಿನ ಕರಗದ ಜೆಲ್.

ಭಾನುವಾರ ಹಿರಿಯೂರಿನ ಮನೆಯಲ್ಲಿ ಈ ಸುದ್ದಿ ಹೇಳಿದರೆ, ಅವಳ ಅಬ್ಬಾ ರೌಫ್ ಬಿದ್ದು ಬಿದ್ದು ನಕ್ಕರು. ಮೂವತ್ತು ವರ್ಷ ಮಟನ್ ಅಂಗಡಿ ನಡೆಸಿದ ಮನುಷ್ಯ.

"ಚಳಿಗಾಲ್ದಾಗೆ ಕುರಿಕಾಲಿನ ಪಾಯ ಮಾಡಿಟ್ರೆ ಬೆಳಿಗ್ಗೆ ಚಾಕು ಹಾಕಿ ಕುಯ್ಬೇಕು ಬೇಟಾ, ಅಂಗೆ ಕಟ್ಟಿರ್ತೈತೆ. ಅದನ್ನೇ ಏಪ್ರಿಲ್‌ನಾಗೆ ಇಟ್ಟು ನೋಡು, ನೀರು ನೀರು. ನಿಮ್ ಮೇಷ್ಟ್ರು ಕಾಲು ಸೂಪು ಕುಡಿದೋರಲ್ಲ ಅಂತ ಕಾಣ್ತೈತೆ."

ಸರ್ ಸೂಪಿರಲಿ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಆದರೆ ಪಾಯದ ಮನೆಯಲ್ಲೇ ಹುಟ್ಟಿದ ತನಗೂ ಹೊಳೆಯಲಿಲ್ಲವಲ್ಲ ಎಂದು ಮಲೀಕಾಗೆ ನಾಚಿಕೆಯಾಯಿತು. ಚಳಿಗೆ ಜೆಲಾಟಿನ್ನಿನ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ನಿಲ್ಲುತ್ತವೆ, ಅಷ್ಟೆ. ಯಾರೂ ಗಂಟು ಹಾಕಿರುವುದಿಲ್ಲ. ಬಿಸಿ ತಗುಲಿದರೆ ಬಿಚ್ಚಿಕೊಳ್ಳುತ್ತವೆ, ಅದಕ್ಕೆ ಮೈಬಿಸಿಯೇ ಸಾಕು. ಸೋಮವಾರ ಲ್ಯಾಬಿಗೆ ಬಂದವಳೇ ಡಬ್ಬಿಯನ್ನು ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಮುಳುಗಿಸಿಟ್ಟಳು. ಕಾಲು ಗಂಟೆಗೆ ಜೆಲ್ ಸಾರಾಯಿತು.

ಇಟ್ಟ ಹೆಸರು ಬಿಡಲು ಸರ್‌ಗೆ ಮನಸ್ಸು ಬರಲಿಲ್ಲ. "ಗ್ಲುಟರಾಲ್ಡಿಹೈಡ್ ಹಾಕು" ಎಂದರು. ಎಳೆಗಳ ನಡುವೆ ಬಿಚ್ಚಲಾಗದ ಗಂಟು ಹಾಕುವ ಕೆಮಿಕಲ್ ಅದು. ಹಾಕಿದಳು. ಜೆಲ್ ಹಳದಿಗೆ ತಿರುಗಿ ರಬ್ಬರಿನಂತೆ ಬಿಗಿಯಾಯಿತು, ಮೈಬಿಸಿಯ ನೀರಿನಲ್ಲೂ ಹದಿನಾಲ್ಕು ದಿನ ಜಗ್ಗಲಿಲ್ಲ. ಆದರೆ ಗಂಟಿಗೆ ಸೇರದೆ ಮಿಕ್ಕ ಕೆಮಿಕಲ್ ಒಳಗೇ ಅಡಗಿ ಕೂತಿತ್ತು. ದಾವಣಗೆರೆಯ ಲ್ಯಾಬಿಗೆ ಹೋಗಿ, ಬೆಳೆಸಿದ ಚರ್ಮದ ಕೋಶಗಳ ಮೇಲೆ ಇಟ್ಟು ನೋಡಿದಳು. ಹತ್ತರಲ್ಲಿ ಆರು ಸತ್ತವು. ಮೂರು ಸಲ ಮಾಡಿದಳು. ಮೂರು ಸಲವೂ ಅಷ್ಟೇ.

ಸತ್ತ ಕೋಶಗಳ ಲೆಕ್ಕದ ಗ್ರಾಫನ್ನೇ ಸರ್ ಪೇಪರಿನಿಂದ ತೆಗೆಸಿದರು.

"ಇದು ಬರೀ ಗಟ್ಟಿತನದ ಪೇಪರ್. ಕೋಶದ್ದು ಮುಂದೆ ನೋಡಾಣ. ಇದು ಬರ್ಲಿಲ್ಲ ಅಂದ್ರೆ ನಿನ್ ಪಿಎಚ್‌ಡಿನೂ ಇಲ್ಲ, ತಿಳ್ಕ."

ಮಲೀಕಾ ಗ್ರಾಫನ್ನು ತನ್ನ ಫೈಲಿಗೆ ಸೇರಿಸಿಟ್ಟಳು. ಹೆದರಿದ್ದಳು, ಸುಳ್ಳೇಕೆ ಹೇಳಬೇಕು. ಮೂರು ವರ್ಷದ ದುಡಿಮೆ ಆ ಒಂದು ಪೇಪರಿನ ಮೇಲೆ ನಿಂತಿತ್ತು.

ಏಪ್ರಿಲಿನಲ್ಲಿ ಸುಟ್ಟಗಾಯದ ಡಾಕ್ಟರು ಸುಮಿತ್ರಾ ಮೇಡಂ ಜೆಲ್ ನೋಡಲು ಬಂದರು. ಮೆಚ್ಚಿದರೆ ತಮ್ಮ ರೋಗಿಗಳ ಮೇಲೆ ಪರೀಕ್ಷೆಗೆ ಅನುಮತಿ ಕೇಳುವವರಿದ್ದರು. ಸರ್ ಇಕ್ಕಳದಲ್ಲಿ ಹಳದಿ ಜೆಲ್ ಎತ್ತಿ, ಎಳೆದು, ಬಾಗಿಸಿ ತೋರಿಸಿದರು. ಸೀರೆ ಅಂಗಡಿಯವರೂ ಅಷ್ಟು ಚೆಂದ ತೋರಿಸಲಿಕ್ಕಿಲ್ಲ.

"ಹಸಿ ಗಾಯಕ್ಕೆ ಇದ್ರಿಂದ ತೊಂದ್ರೆ ಏನಾದ್ರೂ?" ಮೇಡಂ ಕೇಳಿದರು.

"ಏನೇನೂ ಇಲ್ಲ ಮೇಡಂ" ಎಂದರು ಸರ್.

ಆ ಮಾತಿಗೆ ಮಲೀಕಾಳ ಹೆದರಿಕೆಯನ್ನು ಸಿಟ್ಟು ನುಂಗಿತು. ಸುಟ್ಟುಕೊಂಡು ಬಂದು ನರಳುವವರ ಮೈಮೇಲೆ ಇದನ್ನಿಟ್ಟು, ನಗುತ್ತ ನಿಲ್ಲುವವರಲ್ಲಿ ತಾನೂ ಒಬ್ಬಳಾ? ಎದ್ದು ನಿಂತಳು.

"ತೊಂದ್ರೆ ಐತ್ರಿ ಮೇಡಂ. ಹತ್ತರಾಗೆ ಆರು ಕೋಶ ಸಾಯ್ತಾವೆ."

"ಮಲೀಕಾ, ಕುಂತ್ಕ!" ಸರ್ ಗದರಿದರು.

"ಕುಂತ್ಕಳಲ್ಲ ಸರ್."

ಫೈಲಿನಿಂದ ಗ್ರಾಫ್ ತೆಗೆದು ಮೇಡಂ ಮುಂದಿಟ್ಟಳು. ಗಂಟು ಹಾಕದ ಜೆಲ್ ಮೈಬಿಸಿಗೇ ಕರಗಿದ್ದನ್ನೂ ಹೇಳಿದಳು. ಸುಮಿತ್ರಾ ಕನ್ನಡಕ ಏರಿಸಿ ನಿಧಾನಕ್ಕೆ ನೋಡಿದರು.

"ಗಂಟಿಲ್ಲದ್ದು ಕರಗುತ್ತೆ, ಗಂಟು ಹಾಕಿದ್ದು ಕೊಲ್ಲುತ್ತೆ. ಹಂಗಾದ್ರೆ ನಿನ್ ಹತ್ರ ಏನಮ್ಮ ಐತೆ?"

"ಇವತ್ತಿಗೆ ಏನೂ ಇಲ್ರಿ. ಮೊದ್ಲು ತಣ್ಣಗೆ ಕಟ್ಟೋಕೆ ಬಿಡ್ಬೇಕು, ಆಮೇಲೆ ಒಂಚೂರೇ ಕೆಮಿಕಲ್ ಹಾಕಿ, ದಿನಗಟ್ಲೆ ತೊಳೀಬೇಕು ಅಂತ ನನಗನ್ಸತೈತೆ. ವರ್ಷ ಹಿಡೀಬಹುದು. ಆಗ್ದೇನೂ ಹೋಗ್ಬಹುದು."

ಮೇಡಂ ಗ್ರಾಫನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಅದು ಆಯ್ತು ಅಂದ್ರೆ ನನಗೆ ತಿಳಿಸು" ಎಂದಷ್ಟೇ ಹೇಳಿ, ತರಿಸಿಟ್ಟ ಟೀ ಮುಟ್ಟದೆ ಹೊರಟುಹೋದರು.

ಕಾರಿನ ಸದ್ದು ಗೇಟು ದಾಟುವುದನ್ನೇ ಸರ್ ಕಾಯುತ್ತಿದ್ದರು. ಮುಖ ಕೆಂಡವಾಗಿತ್ತು. ಪೇಪರಿನ ಪ್ರತಿಯನ್ನು ಮೇಜಿನ ಮೇಲೆ ಎಸೆದರು. ಮೊದಲ ಪುಟದ ಮೊದಲ ಹೆಸರು ಮಲೀಕಾಳದ್ದೇ.

"ನಾಳೆ ಮೇಡಂಗೆ ಫೋನ್ ಮಾಡಿ, ಗೊತ್ತಿಲ್ದೆ ಏನೋ ಹೇಳ್ಬಿಟ್ಟೆ ಅನ್ನು. ಇಲ್ಲಾ, ಈಗ್ಲೇ ನಿನ್ ಹೆಸರು ಹೊಡೆದು ಹಾಕ್ತೀನಿ."

ಅವರು ಜೇಬಿನ ಪೆನ್ನಿಗೆ ಕೈ ಹಾಕಿದರು. ಅಷ್ಟರಲ್ಲಿ ಮಲೀಕಾ ಪ್ರತಿಯನ್ನು ತನ್ನತ್ತ ಎಳೆದುಕೊಂಡಳು.

"ನೀವ್ಯಾಕೆ ಕೈ ನೋಯಿಸ್ಕಂತೀರಿ ಸರ್" ಎಂದವಳೇ, ತನ್ನ ಪೆನ್ನನ್ನು ಕಾಗದ ಹರಿಯುವಷ್ಟು ಒತ್ತಿ, ತನ್ನ ಹೆಸರಿನ ಮೇಲೆ ತಾನೇ ಗೀಟು ಎಳೆದಳು.